ಅನ್ಯಗ್ರಹದವರೇ, ಗುಂಡಿ ನೋಡ್ಕೊಂಡು ಇಳೀರಿ

ಥ್ರೀ ಐ ಅಟ್ಲಾಸ್ ಬಂತು, ಹೋಯಿತು. ಹೋಗುವಾಗ ನಮ್ಮ ಟಿವಿ ಚಾನೆಲ್‌ನವರನ್ನೂ ಜೊತೆಗೆ ಕರ್ಕೊಂಡು ಹೋಗಬಾರದಿತ್ತಾ ಅನ್ನೋದು ನನ್ನ ಸಂಕಟ.

2025ರ ಜುಲೈನಲ್ಲಿ ಚಿಲಿಯ ದೂರದರ್ಶಕಕ್ಕೆ ಕಂಡ ಧೂಮಕೇತು ಅದು. ನಮ್ಮ ಸೌರಮಂಡಲದ್ದಲ್ಲ, ಆಚೆಯಿಂದ ಬಂದದ್ದು. ಇಂಥವು ಈವರೆಗೆ ಕಣ್ಣಿಗೆ ಬಿದ್ದಿರುವುದೇ ಮೂರು. ಹಾರ್ವರ್ಡ್‌ನ ಆವಿ ಲೋಬ್ ಎಂಬ ಪ್ರೊಫೆಸರು, ಯಾರೋ ಕಳಿಸಿದ ನೌಕೆಯೂ ಆಗಿರಬಹುದು ಅಂದರು. ನಾಸಾದವರು, ಇಲ್ಲ, ಬರೀ ಧೂಮಕೇತು ಅಂದರು. ನಮ್ಮ ಚಾನೆಲ್‌ಗಳಿಗೆ ಎರಡನೆಯದು ಕೇಳಿಸಲೇ ಇಲ್ಲ. ಬಂದೇ ಬಿಟ್ಟರು ಅಂತ ಕೆಂಪು ಅಕ್ಷರ ಕುಣಿದವು. ಪಕ್ಕದಲ್ಲಿ ಜ್ಯೋತಿಷಿ. ಯಾವ ರಾಶಿಯವರು ಜಾಸ್ತಿ ಹುಷಾರಾಗಿರಬೇಕು ಅಂತ ಚರ್ಚೆ. ಡಿಸೆಂಬರ್‌ನಲ್ಲಿ ನಮಗೆ ತೀರಾ ಹತ್ತಿರ ಬಂದಾಗಲೂ ಅದು ಇದ್ದದ್ದು ಸುಮಾರು 27 ಕೋಟಿ ಕಿಲೋಮೀಟರ್ ಆಚೆ. ಸೂರ್ಯನೇ ಅದಕ್ಕಿಂತ ಹತ್ತಿರ ಸ್ವಾಮಿ.

ನಮ್ಮತ್ತೆ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಅವರು ಬರೋ ದಿನ ಕಾವೇರಿ ನೀರು ಬಿಡ್ತಾರೇನಪ್ಪಾ?"

ನನಗೆ ತಮಾಷೆ ಅನ್ನಿಸೋದು ಪರದೆ ಮೇಲಿನ ಆ ಏಲಿಯನ್. ಹಸಿರು ಮೈ, ಬೋಳು ತಲೆ, ಹಲಸಿನ ತೊಳೆಯಷ್ಟು ದೊಡ್ಡ ಕಣ್ಣು. ಎರಡು ಕೈ, ಎರಡು ಕಾಲು. ನಮ್ಮ ಕಡೆಯವರೇ ಯಾರೋ ಮೈಗೆ ಹುಷಾರಿಲ್ಲದೆ ಎದ್ದು ಬಂದ ಹಾಗೆ. ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ಬುದ್ಧಿ ಅನ್ನೋದು ಪ್ಯಾಂಟು ಹಾಕಲು ಬರುವ ಆಕಾರದಲ್ಲೇ ಇರಬೇಕಾ? 2007ರಲ್ಲಿ ರಷ್ಯಾದ ತ್ಸಿಟೊವಿಚ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಅನಿಲ, ಅದರೊಳಗೆ ತೇಲುವ ಧೂಳು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದಂತೆ, ಒಂದು ಎರಡಾಗುತ್ತದಂತೆ. ಹೆಚ್ಚುಕಮ್ಮಿ ಜೀವವೇ. ಧೂಳಿಗೆ ಬುದ್ಧಿ ಬರೋದೇ ನಿಜವಾದರೆ ನಮ್ಮ ಔಟರ್ ರಿಂಗ್ ರೋಡಿಗೆ ಇಷ್ಟು ಹೊತ್ತಿಗೆ ಪಿಎಚ್‌ಡಿ ಸಿಕ್ಕಿರಬೇಕಿತ್ತು.

ಇನ್ನು ಶನಿಯ ಉಪಗ್ರಹ ಟೈಟನ್. ಮೈನಸ್ 179 ಡಿಗ್ರಿ ಚಳಿ, ಮೀಥೇನಿನ ಕೆರೆಗಳು. ಅಲ್ಲೂ ಏನಾದರೂ ಮಿಸುಕಾಡುತ್ತಿರಬಹುದಾ ಅಂತ ವಿಜ್ಞಾನಿಗಳ ಆಸೆ. ಅಷ್ಟೊಂದು ಮೀಥೇನ್ ಇದ್ದರೂ ಅಲ್ಲಿನ ಕೆರೆಗೆ ಬೆಂಕಿ ಬೀಳಲ್ಲ, ಯಾಕೆಂದರೆ ಗಾಳಿಯಲ್ಲಿ ಆಮ್ಲಜನಕ ಇಲ್ಲ. ಬೆಳ್ಳಂದೂರು ಕೆರೆಗೆ ಆ ಕೊರತೆಯೂ ಇಲ್ಲ ನೋಡಿ. 2015ರಲ್ಲಿ ಉರಿಯಿತು, 2017ರಲ್ಲಿ ಉರಿಯಿತು, 2018ರಲ್ಲೂ ಉರಿಯಿತು. ಶನಿಕಾಟ ಯಾರಿಗೆ ಅಂತ ಆ ಜ್ಯೋತಿಷಿಯನ್ನೇ ಕೇಳಬೇಕು.

ಆದರೆ ನನ್ನ ಮನಸ್ಸು ಗೆದ್ದಿರೋದು ಲೋಳೆ. ಕಾಡಿನಲ್ಲಿ ಒದ್ದೆ ಕಟ್ಟಿಗೆ ಮೇಲೆ ಹಬ್ಬುವ ಹಳದಿ ಲೋಳೆ, ಫೈಸಾರಮ್ ಅಂತ ಹೆಸರು. ಮೆದುಳಿಲ್ಲ, ನರವಿಲ್ಲ, ಇಡೀ ಮೈ ಒಂದೇ ಜೀವಕೋಶ. ಜಪಾನಿನ ವಿಜ್ಞಾನಿಗಳು ಒಂದು ತಟ್ಟೆಯಲ್ಲಿ ಟೋಕಿಯೊ ಸುತ್ತಲಿನ ಊರುಗಳು ಇರುವ ಜಾಗಕ್ಕೆ ಒಂದೊಂದು ಓಟ್ಸ್ ಚೂರು ಇಟ್ಟು, ಟೋಕಿಯೊ ಜಾಗದಲ್ಲಿ ಲೋಳೆ ಬಿಟ್ಟರು. ಅದು ಹಬ್ಬಿತು, ತಿಂದಿತು, ಬೇಡದ ದಾರಿ ಬಿಟ್ಟಿತು. 26 ಗಂಟೆಯಲ್ಲಿ ಉಳಿದ ಜಾಲ ಹೆಚ್ಚುಕಮ್ಮಿ ಟೋಕಿಯೊದ ರೈಲು ಮಾರ್ಗದ ಹಾಗೇ ಇತ್ತು. 2010ರಲ್ಲಿ ಇದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲೇ ಬಂತು. ಡಿಪಿಆರ್ ಅನ್ನೋ ಯೋಜನಾ ವರದಿ ಇಲ್ಲ, ಟೆಂಡರ್ ಇಲ್ಲ, ಶಂಕುಸ್ಥಾಪನೆಗೆ ಹಾರ ಇಲ್ಲ.

ನಮ್ಮಲ್ಲೂ ಒಂದು ಹಳದಿ ಇದೆ. ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರೊಳಗಿನ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿದ್ದು 2025ರ ಆಗಸ್ಟ್‌ನಲ್ಲಿ, ಅದೂ ಮೂರೇ ರೈಲು ಇಟ್ಟುಕೊಂಡು, 25 ನಿಮಿಷಕ್ಕೊಂದು. ಒಂದು ತಟ್ಟೆ ಅವಲಕ್ಕಿ ಹರಡಿ ಲೋಳೆ ಬಿಟ್ಟಿದ್ದರೆ ಮಾರನೇ ದಿನ ಸಂಜೆ ಕಾಫಿ ಹೊತ್ತಿಗೆ ನಕ್ಷೆಯಾದರೂ ಸಿಗುತ್ತಿತ್ತು. ಅನ್ಯಾಯ ಮಾತಾಡ್ತಿದ್ದೀನಿ, ಗೊತ್ತು. ಲೋಳೆ ಭೂಸ್ವಾಧೀನ ಮಾಡಬೇಕಾಗಿರಲಿಲ್ಲ. ನಡುವೆ ಚುನಾವಣೆಯೂ ಬರಲಿಲ್ಲ.

ಆಕ್ಟೋಪಸ್ ಬಗ್ಗೆ ಹೇಳದಿದ್ದರೆ ನಮ್ಮ ಬೀದಿ ಅರ್ಥವಾಗಲ್ಲ. ಅದಕ್ಕೆ ಸುಮಾರು 50 ಕೋಟಿ ನರಕೋಶ. ಮೂರರಲ್ಲಿ ಎರಡು ಪಾಲು ಇರೋದು ತೋಳುಗಳಲ್ಲಿ. ಒಂದೊಂದು ತೋಳೂ ಅಷ್ಟಿಷ್ಟು ತನ್ನಿಷ್ಟದಂತೆ ನಡೆಯುತ್ತದೆ. ನಮ್ಮ ಬೀದಿಗೆ ಡಾಂಬರು ಹಾಕಿದ ಹನ್ನೊಂದನೇ ದಿನ ಒಂದು ತೋಳು ಬಂದು ಅಗೆಯಿತು, ನೀರಿನ ಪೈಪಿಗೆ. ಅದು ಮಣ್ಣು ಎಳೆದು ಹೋದ ವಾರಕ್ಕೆ ಇನ್ನೊಂದು, ಕೇಬಲ್ಲಿಗೆ. ಆಮೇಲೆ ಮೂರನೆಯದು. ಯಾತಕ್ಕೆ ಅಂತ ಅಗೆಯುತ್ತಿದ್ದವರಿಗೂ ಗೊತ್ತಿರಲಿಲ್ಲ. ಅಪರೂಪದ ಬುದ್ಧಿಜೀವಿ, ನಿಜ. ಆದರೆ ಆಕ್ಟೋಪಸ್ಸಿಗೆ ಮಧ್ಯದಲ್ಲಿ ತಲೆ ಅಂತ ಒಂದಿದೆ.

ಕೊನೆಮನೆ ಅಜ್ಜಿ ಬೆಳಗ್ಗೆ ಐದೂವರೆಗೆ ಹಾಲು ತರಲು ಹೋಗಿ ಆ ಗುಂಡಿಗೆ ಬಿದ್ದರು. ಮಣಿಕಟ್ಟು ಮುರಿಯಿತು. ಅವರಿಗೆ 72 ವರ್ಷ, ಮನೆಯಲ್ಲಿ ಒಬ್ಬರೇ. ಇದಕ್ಕೆ ಯಾವ ಜೋಕು ಹೊಂದಿಸಲಿ? ಒಂದು ಗಾಡಿ ಜಲ್ಲಿ, ಒಂದಿಷ್ಟು ಡಾಂಬರು, ನಾಲ್ಕು ಜನ, ಅರ್ಧ ದಿನದ ಕೆಲಸ. ನಾಲ್ಕು ತಿಂಗಳಾಯಿತು. ಸಾಕಾಗಿದೆ ರೀ.

ನಾನೂ ದೂರು ಕೊಟ್ಟೆ. 1974ರಲ್ಲಿ ಅರೆಸಿಬೊ ದೂರದರ್ಶಕದಿಂದ ಎಂ13 ಅನ್ನೋ ನಕ್ಷತ್ರಗುಚ್ಛಕ್ಕೆ, ಅನ್ಯಗ್ರಹದವರಿಗೆ ಅಂತ ಸಂದೇಶ ಕಳಿಸಿದ್ದಾರಲ್ಲ, ಅದು ತಲುಪೋಕೇ ಸುಮಾರು 25,000 ವರ್ಷ ಬೇಕು. ಉತ್ತರ ಬರೋಕೆ ಇನ್ನಷ್ಟೇ ವರ್ಷ. ಅಷ್ಟರಲ್ಲಿ ಕಳಿಸಿದ ದೂರದರ್ಶಕವೇ 2020ರಲ್ಲಿ ಕುಸಿದು ಬಿತ್ತು. ನಮ್ಮಲ್ಲಿ ಅದಕ್ಕೆ ವರ್ಗಾವಣೆ ಅಂತಾರೆ. ಇರಲಿ, ನನಗೆ ಎರಡೇ ದಿನಕ್ಕೆ ಉತ್ತರ ಬಂತು: ಸಮಸ್ಯೆ ಪರಿಹರಿಸಲಾಗಿದೆ. ಜೊತೆಗೆ ನುಣ್ಣನೆಯ ರಸ್ತೆಯ ಫೋಟೋ. ಯಾವ ಬೀದಿಯದೋ, ಯಾವ ಗ್ರಹದ್ದೋ.

ಅಜ್ಜಿ ಬಿದ್ದ ದಿನ ಯಾರೋ ಪುಣ್ಯಾತ್ಮರು ಒಂದು ನುಗ್ಗೆ ಕೊಂಬೆ ಮುರಿದು ತಂದು ಗುಂಡಿಯಲ್ಲಿ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ನಮ್ಮ ಬೀದಿಯಲ್ಲಿ ಬುದ್ಧಿ ಇರುವ ಜೀವಿ ಇದೆ ಅನ್ನೋದಕ್ಕೆ ನನಗೆ ಸಿಕ್ಕಿರೋ ಸಾಕ್ಷಿ ಅದೊಂದೇ. ಮಳೆ ಬಿದ್ದ ಮೇಲೆ ಕೊಂಬೆ ಚಿಗುರಿದೆ. ಕಾಯಿ ಬಿಟ್ಟರೆ ನಮಗೂ ನಾಲ್ಕು ಕೊಡಬೇಕು ಅಂತ ಎದುರುಮನೆಯವರು ಈಗಲೇ ಹೇಳಿಟ್ಟಿದ್ದಾರೆ.