ಖಾಸಗಿ ಅಂದ್ರೆ ಬಸ್ಸಾ ಸಾರ್?

ಮನಶ್ಶಾಸ್ತ್ರ ಓದುತ್ತಿರುವ ತಂಗಿ ಫೋನ್ ಮಾಡಿ, "ಅಣ್ಣಾ, ಬರೀ 25 ವಾಕ್ಯ, ಕನ್ನಡ ಮಾಡ್ಕೊಡು" ಅಂದಳು. ಇಪ್ಪತ್ತೈದೇ ಅಲ್ವಾ, ಒಂದು ಲೋಟ ಕಾಫಿ ಮುಗಿಯೋದರೊಳಗೆ ಆಗುತ್ತೆ ಅಂದುಕೊಂಡೆ. ಮೂರು ವಾರ ಆಯ್ತು. ಕಾಫಿ ಲೆಕ್ಕ ಇಟ್ಟಿಲ್ಲ.

ಅದು 1979ರ ಆಸ್ಟ್ರೇಲಿಯಾದ ಪ್ರಶ್ನಾವಳಿ. ಹೆಸರು ಪೇರೆಂಟಲ್ ಬಾಂಡಿಂಗ್ ಇನ್‌ಸ್ಟ್ರುಮೆಂಟ್. ಅಪ್ಪ ಅಮ್ಮ ಎಷ್ಟು ಅಕ್ಕರೆ ತೋರಿಸಿದರು, ಎಷ್ಟು ಕಟ್ಟಿಹಾಕಿದರು ಅಂತ ಅಳೆಯುತ್ತೆ. ದೊಡ್ಡವರು ತಮ್ಮ ಮೊದಲ 16 ವರ್ಷ ನೆನೆಸಿಕೊಂಡು ತುಂಬೋದು. ತಂಗಿಗೆ ಬೇಕಿದ್ದದ್ದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ. ಸರಿ, 'ಮಾಡುತ್ತಿದ್ದರು' ಎಲ್ಲ 'ಮಾಡುತ್ತಾರೆ' ಆಯ್ತು.

ಅಮ್ಮನಿಗೊಂದು ಹಾಳೆ, ಅಪ್ಪನಿಗೊಂದು. ವಾಕ್ಯಗಳು ಎರಡರಲ್ಲೂ ಅವೇ. ನಾನು ಸಲೀಸಾಗಿ ಅಪ್ಪ 'ಮಾತಾಡುತ್ತಾರೆ', ಅಮ್ಮ 'ಮಾತಾಡುತ್ತಾಳೆ' ಅಂತ ಬರೆದಿದ್ದೆ. ಹೆಂಡತಿ ಓದಿದಳು. "ಅವರಿಗೆ ರು, ನಮಗೆ ಳು. ಯಾಕೆ?" ಉತ್ತರ ಇರಲಿಲ್ಲ. ಇಬ್ಬರಿಗೂ 'ರು' ಹಾಕಿ ಶಾಲೆಗೆ ಒಯ್ದೆ. ಮೊದಲನೇ ಬೆಂಚಿನ ಹುಡುಗ ಕೈ ಎತ್ತಿದ. "ಸಾರ್, ಇದು ನಮ್ಮಮ್ಮನ ಬಗ್ಗೆನಾ, ಹೆಡ್‌ಮಿಸ್ ಬಗ್ಗೆನಾ?"

'ನನ್ನ ಖಾಸಗಿತನಕ್ಕೆ ಅಡ್ಡಿ ಮಾಡುತ್ತಾರೆ' ಅನ್ನೋದು ಇನ್ನೂ ಕಷ್ಟವಾಯ್ತು. "ಖಾಸಗಿ ಅಂದ್ರೆ ಬಸ್ಸಾ ಸಾರ್?" ಅಜ್ಜಿ, ಚಿಕ್ಕಪ್ಪ, ಎರಡು ರೂಮು ಇರೋ ಮನೆಯ ಹುಡುಗನಿಗೆ ಬೇರೆ ಖಾಸಗಿ ಎಲ್ಲಿಂದ ಬರಬೇಕು ಪಾಪ. ಇಷ್ಟಬಂದ ಬಟ್ಟೆ ಹಾಕೋಕೆ ಬಿಡ್ತಾರಾ ಅಂದ್ರೆ, "ಯೂನಿಫಾರಂ ಬಿಟ್ಟಾ ಸಾರ್?"

ಮಜಾ ಇದ್ದದ್ದು 'ನನ್ನನ್ನು ಅತಿಯಾಗಿ ಜೋಪಾನ ಮಾಡುತ್ತಾರೆ' ಅನ್ನೋದರಲ್ಲಿ. ತಂಗಿಯ ಲೆಕ್ಕದಲ್ಲಿ ಅದು ಕಟ್ಟಿಹಾಕೋ ಖಾತೆಗೆ ಹೋಗಬೇಕು. ಒಬ್ಬಳು ಹುಡುಗಿ 'ತುಂಬಾ ನಿಜ' ಅನ್ನೋ ಡಬ್ಬಿಗೆ ಗುರುತು ಹಾಕಿ, ಅದು ಸಾಲದು ಅಂತ ಪಕ್ಕದಲ್ಲಿ ನಕ್ಷತ್ರನೂ ಬಿಡಿಸಿದ್ದಳು. "ನಮ್ಮಮ್ಮ ಅಷ್ಟು ಒಳ್ಳೇವ್ರು ಸಾರ್" ಅಂದಳು. ಆ ನಕ್ಷತ್ರಕ್ಕೆ ಎಷ್ಟು ಅಂಕ ಅಂತ ತಂಗಿಯನ್ನ ಕೇಳಿದೆ. ಫೋನಿನಲ್ಲಿ ಸದ್ದೇ ಇಲ್ಲ.

ರಾತ್ರಿ ಕೂತು ತಿದ್ದಿದೆ. ಖಾಸಗಿತನ ಹೋಗಿ, 'ನನಗೆ ಅಂತ ಇರೋ ವಿಷಯಕ್ಕೆ ಮೂಗು ತೂರಿಸುತ್ತಾರೆ' ಬಂತು. ಬೆಳಿಗ್ಗೆ ಮಗಳ ಕೈಗೆ ಕೊಟ್ಟೆ. ಯಾವ ಅನುಮಾನವೂ ಇಲ್ಲದೆ ಸರಸರ ತುಂಬುತ್ತಾ ಹೋದಳು. ಆ ವಾಕ್ಯ ಬಂದಾಗ ಪೆನ್ ನಿಂತಿತು. ನಾನು ಸುಮ್ನೆ ಅವಳ ಹೆಗಲ ಮೇಲಿಂದ ಸ್ವಲ್ಪ ಬಗ್ಗಿದೆ.

ಅಂಗೈಯಿಂದ ಹಾಳೆ ಮುಚ್ಚಿಕೊಂಡು, ತಲೆ ಎತ್ತದೆ ಅಂದಳು: "ಅಪ್ಪಾ, ಮೂಗು."