ಬೀಜಕ್ಕೆ ಬಿಟ್ಟ ಕಾಯಿ

ಬೀಜ ಎತ್ತಿಡೋದು ಅಂದ ತಕ್ಷಣ ಜನ ಯಾವ ಡಬ್ಬ, ಯಾವ ಕವರು, ಫ್ರಿಜ್ಜಲ್ಲಿ ಇಡಬಹುದಾ ಅಂತ ಶುರು ಮಾಡ್ತಾರೆ. ನನ್ನ ಕೇಳಿದ್ರೆ ಅದೆಲ್ಲ ಆಮೇಲಿನ ಮಾತು, ಮೊದಲು ಬಾಯಿ ಕಟ್ಟಬೇಕು. ಬಳ್ಳೀಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿರೋ ಹೀರೆಕಾಯಿನೇ ಬೀಜಕ್ಕೆ ಬಿಡ್ಬೇಕು, ದಿನಾ ಅದನ್ನ ನೋಡಿದಾಗೆಲ್ಲ ಬಜ್ಜಿ ನೆನಪಾಗುತ್ತೆ, ಆದ್ರೂ ಕೀಳೋ ಹಾಗಿಲ್ಲ. ನಮ್ಮಜ್ಜಿ ಅಂಥ ಕಾಯಿಗೆ ಹಳೇ ಸೀರೆ ಚೂರು ಕಟ್ಟೋರು, ಕಟ್ಟಿದ್ರು ಅಂದ್ರೆ ಮುಗೀತು, ಅಳಿಯ ಬಂದ್ರೂ ಅದು ಒಲೆ ಹತ್ರ ಸುಳೀತಿರ್ಲಿಲ್ಲ. ಈಗ ನೋಡಿ, ಚೆನ್ನಾಗಿರೋದೆಲ್ಲ ಸಾರಿಗೆ ಹೋಗುತ್ತೆ, ಎಲೆ ಮರೇಲಿ ಕಣ್ಣಿಗೆ ಬೀಳದೆ ಬಲಿತಿರೋ ಬಡಕಲು ಕಾಯಿಗೆ 'ಬೀಜಕ್ಕಿರ್ಲಿ ಬಿಡು' ಅಂತೀವಿ, ಮುಂದಿನ ವರ್ಷ ಗಿಡ ಬಡಕಲಾದ್ರೆ ಗೊಬ್ಬರಕ್ಕೆ ಬೈತೀವಿ.

ಉಳಿದಿದ್ದು ಅಂಥಾ ಕಷ್ಟ ಏನಲ್ಲ. ಹೀರೆಕಾಯಿ ಬಳ್ಳೀಲೇ ಒಣಗಿ ಗಲಗಲ ಅನ್ನುತ್ತೆ, ಹಾಗೇ ತಂದು ನೇತುಹಾಕಿದ್ರೆ ಸಿಪ್ಪೆನೇ ಡಬ್ಬ. ಸೌತೆ, ಕುಂಬಳದ ಬೀಜ ಸಗಣೀಲಿ ಸೇರಿಸಿ ಗೋಡೆಗೆ ತಟ್ಟೋರು, ಅವರೆ ಅಲಸಂದೆಗೆ ಬೂದಿ. ಟೊಮ್ಯಾಟೊ ಮಾತ್ರ ಗಲೀಜು ಕೆಲಸ, ತಿರುಳಿನ ಸಮೇತ ಲೋಟಕ್ಕೆ ಹಾಕಿ 2-3 ದಿನ ಹುಳಿ ಬರೋಕೆ ಬಿಟ್ರೆ ಬೀಜದ ಸುತ್ತಿನ ಲೋಳೆ ಬಿಡುತ್ತೆ, ಅಷ್ಟರಲ್ಲಿ ವಾಸನೆಗೆ ಮನೇಲಿ ಒಂದು ಜಗಳ ಗ್ಯಾರಂಟಿ. ಒಣಗಿಸೋದ್ರಲ್ಲಿ ಮಾತ್ರ ಸೋಮಾರಿತನ ಬೇಡ, ತೇವಾಂಶ 1% ಇಳಿದ್ರೆ ಬೀಜದ ಆಯಸ್ಸು ಹೆಚ್ಚುಕಮ್ಮಿ ಡಬಲ್ ಆಗುತ್ತೆ ಅನ್ನೋ ಲೆಕ್ಕ ಇದೆ. ನಾರ್ವೆಯ ಸ್ವಾಲ್ಬಾರ್ಡಲ್ಲಿ 2008ರಿಂದ ಪ್ರಪಂಚದ ಬೆಳೆಗಳ ಬೀಜನೆಲ್ಲ ಮೈನಸ್ 18 ಡಿಗ್ರೀಲಿ ಕಾಪಾಡ್ತಿದಾರೆ, ನಮ್ಮನೇಲಿ ಇಡ್ಲಿ ಹಿಟ್ಟಿನ ಪಾತ್ರೆ ಹಿಂದೆ ಒಂದು ಹಾರ್ಲಿಕ್ಸ್ ಬಾಟ್ಲಿ, ಅಷ್ಟೇ. ಈರುಳ್ಳಿ ಬೀಜನ ಮಾತ್ರ ವರ್ಷ ದಾಟಿದ್ಮೇಲೆ ನಂಬಬೇಡಿ, ಟೊಮ್ಯಾಟೊ 3-4 ವರ್ಷ ತಡ್ಕೊಳ್ಳುತ್ತೆ. ಆಮೇಲೆ ಎಫ್‌1 ಅಂತ ಬರ್ದಿರೋ ಹೈಬ್ರಿಡ್ ಪ್ಯಾಕೆಟ್ಟಿನ ಗಿಡದಿಂದ ಎತ್ತಿಟ್ರೆ ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತೆ, ತಮಾಷೆ ಬೇಕಿದ್ರೆ ಹಾಕಿ.

ಅಜ್ಜಿ ಇನ್ನೊಂದು ಮಾಡೋರು, ಬೀಜದಲ್ಲಿ ಅರ್ಧ ಅಕ್ಕಪಕ್ಕದ ಮನೆಗೆ ಹಂಚಿಬಿಡೋರು. ಧಾರಾಳ ಅನ್ಕೋಬೇಡಿ, ನಮ್ಮಲ್ಲಿ ಮಳೆಗೆ ಕೊಳೆತ್ರೆ ಅವ್ರ ಹತ್ರ ಇರ್ಲಿ ಅನ್ನೋ ಲೆಕ್ಕಾಚಾರ. ಒಂದ್ಸಲ ಹಾಗೇ ಆಗಿ ಪಕ್ಕದ್ಮನೆಯಿಂದ ಹೀರೆ ಬೀಜ ವಾಪಸ್ ಬಂತು, ಅವತ್ತಿಂದ ಅವ್ರು ಅದನ್ನ ತಮ್ಮನೆ ತಳಿ ಅಂತಾರೆ, ನಮ್ಮಮ್ಮ ಇನ್ನೂ ಒಪ್ಪಿಲ್ಲ.