ಶ. ಬ. ಪಾ. 1984

ನಿನ್ನೆ ಬೆಳಗ್ಗೆ ನಮ್ಮ ಹೊಸ ಅಡುಗೆಮನೆಯ ಡ್ರಾಯರನ್ನು ಸಿಟ್ಟಿನಿಂದ ದಬ್ಬಿದೆ. ಚಹಾ ಸೋಸುವ ಜರಡಿ ಸಿಕ್ಕಿರಲಿಲ್ಲ. ಡ್ರಾಯರು ಧಡಾರ್ ಅನ್ನಬೇಕಿತ್ತು. ಅನ್ನಲಿಲ್ಲ. ಮುಚ್ಚಲು ಇನ್ನೆರಡು ಬೆರಳು ಇದೆ ಅನ್ನುವಾಗ ಒಳಗಿಂದ ಯಾರೋ ಕೈ ಅಡ್ಡ ಹಿಡಿದಂತೆ ನಿಧಾನವಾಯಿತು. ಆಮೇಲೆ ಸದ್ದಿಲ್ಲದೆ, ತಡವಾಗಿ ಕ್ಲಾಸಿಗೆ ಬಂದ ಹುಡುಗನ ಹಾಗೆ ಮೆಲ್ಲಗೆ ಒಳಗೆ ಹೋಯಿತು. ಮತ್ತೆ ಎಳೆದು ಮತ್ತೆ ದಬ್ಬಿದೆ. ಮತ್ತೆ ಅದೇ. ಹೆಂಡತಿ ಹಾಲ್‌ನಲ್ಲಿ ಕೂತು ಪೇಪರ್ ಓದುತ್ತಿದ್ದಳು. ನನಗೆ ಸಿಟ್ಟು ಬಂದಿದೆ ಅನ್ನೋದು ಅವಳಿಗೆ ಗೊತ್ತೇ ಆಗಲಿಲ್ಲ.

ಇದಕ್ಕೆ ಸಾಫ್ಟ್ ಕ್ಲೋಸ್ ಅಂತಾರೆ. ಒಂದೊಂದು ಡ್ರಾಯರಿಗೂ ಜಾಸ್ತಿ ದುಡ್ಡು ಕೊಟ್ಟು ಹಾಕಿಸಿದ್ದೇವೆ. ಹಳೆಯ ಅಡುಗೆಮನೆಯಲ್ಲಿ ಅವ್ವನ ಮನಸ್ಸು ಹೇಗಿದೆ ಅನ್ನೋದು ಡಬರಿ ಪಾತ್ರೆ ಇಡುವ ಸದ್ದಿನಲ್ಲೇ ಓಣಿಗೆಲ್ಲ ತಿಳಿಯುತ್ತಿತ್ತು. ಅಪ್ಪ ಬಾಗಿಲಲ್ಲೇ ನಿಂತು ಸದ್ದು ಕೇಳಿ, ಚಪ್ಪಲಿ ಬಿಡಬೇಕೋ ಇನ್ನೊಂದು ಸುತ್ತು ಹಾಕಿ ಬರಬೇಕೋ ತೀರ್ಮಾನ ಮಾಡುತ್ತಿದ್ದರು. ಈಗ ಆ ಅನುಕೂಲ ಇಲ್ಲ. ಹೊಸ ಅಡುಗೆಮನೆ ಮಾಡಿಸುವವರಿಗೆ ಒಂದು ಮುಖ್ಯ ಮಾತು ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದೇನೆ. ಅದು ಕೊನೆಗೆ.

ಕಲಬುರಗಿಯ ಹಳೆಯ ಮನೆಗಳ ಹಾಗೆ ನಮ್ಮದೂ ಶಹಾಬಾದ್ ಕಲ್ಲಿನ ಅಡುಗೆಮನೆ ಆಗಿತ್ತು. ನೆಲ ಅದೇ, ಕಟ್ಟೆ ಅದೇ, ಗೋಡೆಯಲ್ಲಿ ಹುಗಿದ ಹಲಗೆಗಳೂ ಅದೇ. ಅದು ಸುಣ್ಣದ ಕಲ್ಲು. ನಿಂಬೆಹಣ್ಣಿನ ರಸ ಬಿದ್ದರೆ, ಹುಣಸೆಹುಳಿ ಚೆಲ್ಲಿದರೆ ಕಲೆ ಕೂತುಬಿಡುತ್ತದೆ. ನಮ್ಮ ಕಟ್ಟೆಯ ಮೇಲೆ ನಲವತ್ತು ವರ್ಷದ ಹುಳಿಯ ನಕಾಶೆಯೇ ಇತ್ತು. ಈಗ ಕರಿ ಗ್ರಾನೈಟ್ ಬಂದಿದೆ. ಅದಕ್ಕೆ ಯಾವ ಹುಳಿಯೂ ಹತ್ತುವುದಿಲ್ಲ. ನನಗೆ ಅದು ಅಷ್ಟಾಗಿ ಹಿಡಿಸಿಲ್ಲ. ಆದರೆ ಒರೆಸುವವನು ನಾನಲ್ಲ, ಹಾಗಾಗಿ ಸುಮ್ನಿದ್ದೇನೆ.

ಅಳತೆ ತೆಗೆಯಲು ಬಂದ ಹುಡುಗ ಒಳ್ಳೆಯವನೇ. 710 ದರ್ಜೆಯ ಪ್ಲೈವುಡ್ ಹಾಕಿಸಿ ಸರ್, ನೀರಿಗೆ ತಡೆಯುತ್ತದೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಸಿಂಕಿನ ಕೆಳಗೆ ಉಬ್ಬುತ್ತದೆ ಅಂದ. ಸರಿಯಾದ ಮಾತು. ಆಮೇಲೆ "ಫ್ಯಾಮಿಲಿ ಎಷ್ಟು ಜನ ಸರ್?" ಅಂತ ಕೇಳಿದ. ನಾಲ್ಕು ಅಂದೆ. ನಾಲ್ಕು ಜನರ ಲೆಕ್ಕಕ್ಕೆ ಡ್ರಾಯರು ಬರೆದುಕೊಂಡ. ಎಳ್ಳ ಅಮಾವಾಸ್ಯೆಯ ಹಬ್ಬಕ್ಕೆ ಎಷ್ಟು ಜನರ ಅಡುಗೆ ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಡವಿದ್ದು ಅಲ್ಲೇ.

ಹೀಗಾಗಿ ನಮ್ಮ ಮನೆಯಲ್ಲಿ ಈಗ ಚಮಚಕ್ಕೊಂದು, ಫೋರ್ಕಿಗೊಂದು, ಚಾಕುವಿಗೊಂದು ಖಾನೆ ಇರುವ ಟ್ರೇ ಇದೆ. ಫೋರ್ಕ್ ಇರುವುದು ಎರಡೇ. ಅದರಲ್ಲಿ ಒಂದರಿಂದ ಅವ್ವ ತುಳಸಿ ಕುಂಡದ ಮಣ್ಣು ಕೆದಕುತ್ತಾಳೆ. ರೊಟ್ಟಿ ಹಿಟ್ಟು ನಾದುವ ಪರಾತ ಮಾತ್ರ ಯಾವ ಡ್ರಾಯರಿಗೂ ಹಿಡಿಯುವುದಿಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಕಬ್ಬಿಣದ ಹಂಚೂ ಅಷ್ಟೇ. ಅದರ ಬದಲು ನಾನ್‌ಸ್ಟಿಕ್ ತವಾ ತಗೊಳ್ರಿ ಅಂತ ನಾದಿನಿ ಸಲಹೆ ಕೊಟ್ಟಳು. ಜೋಳದ ರೊಟ್ಟಿಗೆ ಹಂಚು ಕಾದು ಕೆಂಡವಾಗಬೇಕು. ಆ ಲೇಪನವೋ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ಬೆಂಕಿಗೆ ಹೆದರುವ ಹಂಚು ಕಟ್ಟಿಕೊಂಡು ಕಲಬುರಗಿಯಲ್ಲಿ ಸಂಸಾರ ಮಾಡೋದು ಹೇಗೆ? ಪಾತ್ರೆ ಅಂಗಡಿಯವನೂ ಕಡಿಮೆ ಇಲ್ಲ. ಅಯಸ್ಕಾಂತ ತಂದು ಬೋಗುಣಿಗೆ ಹಿಡಿದು, "ನೋಡ್ರಿ, ಅಂಟಂಗಿಲ್ಲ, ಅಸಲಿ 304" ಅಂದ. ಅಗ್ಗದ 202 ಸ್ಟೀಲಿಗೂ ಅದು ಅಂಟುವುದಿಲ್ಲವಲ್ಲ ಅಂದೆ. ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ಬೇರೆ ಗಿರಾಕಿಯ ಕಡೆ ತಿರುಗಿದ.

ಇರಲಿ. ಹೊಸ ಕಪಾಟಿಗೆ ಹಿಡಿಯುವಷ್ಟು ಮಾತ್ರ ಇಟ್ಟುಕೊಂಡು ಉಳಿದ ಪಾತ್ರೆ ಹಾಕಿಬಿಡೋಣ ಅಂತ ಒಂದು ಭಾನುವಾರ ವಿಂಗಡಿಸಲು ಕೂತೆವು. ಆಗ ಸಿಕ್ಕಿತು ಆ ಡಬರಿ. ಹತ್ತು ಜನಕ್ಕೆ ಬಜ್ಜಿ ಹಿಡಿಯುವಂಥದ್ದು (ಕರಿದ ಬಜ್ಜಿ ಅಲ್ಲ, ಎಳ್ಳ ಅಮಾವಾಸ್ಯೆಯ ಕಾಳು-ಸೊಪ್ಪಿನ ಪಲ್ಯ). ಮುಚ್ಚಳ ಇಲ್ಲ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆದಿದ್ದಾರೆ: ಶ. ಬ. ಪಾ. 1984.

ನಮ್ಮ ಮನೆಯಲ್ಲಿ ಯಾರ ಹೆಸರೂ ಶ ಅಲ್ಲ. ಅಡ್ಡಹೆಸರು ಪಾ ಅಂತೂ ಅಲ್ಲವೇ ಅಲ್ಲ.

ಪಾತ್ರೆಯ ಮೇಲೆ ಹೆಸರು ಹಾಕಿಸುವ ಚಟ ನಮ್ಮ ಕಡೆ ಇನ್ನೂ ಹೋಗಿಲ್ಲ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಈಗ ಗುರ್ ಅನ್ನುವ ಸಣ್ಣ ಮಷಿನ್ ಇದೆ. ಆಗ ಉಳಿ, ಸುತ್ತಿಗೆ. ಮದುವೆಯ ಆಯೇರಿಗೆ ಬಂದ ತಂಬಿಗೆಯ ಮೇಲೆ ಕೊಟ್ಟವರ ಹೆಸರು ಇಷ್ಟುದ್ದ, ಮದುಮಕ್ಕಳ ಹೆಸರು ಇಷ್ಟೇ ಇಷ್ಟು. ನಮ್ಮ ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟರೆ ಯಾರು ಯಾರಿಗೆ ಎಷ್ಟು ಋಣಿ ಅನ್ನೋದು ಓದಬಹುದು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಇದ್ದ ಕಲ್ಲನ್ನೇ ದೇವಿಯ ಮೂರ್ತಿಗೆ ಪೀಠ ಮಾಡಿಕೊಂಡಿದ್ದರು. 1986ರಲ್ಲಿ ಗುಡಿ ಕುಸಿದಾಗ ಅದು ಬೆಳಕಿಗೆ ಬಂತು. ಚಕ್ರವರ್ತಿ ಬರೆಸಿದ್ದನ್ನೇ ಅಷ್ಟು ಕಾಲ ಹಾಗೆ ಬಳಸಿದ ಜಿಲ್ಲೆ ನಮ್ಮದು. ಯಾರೋ ಶ. ಬ. ಪಾ. ಬರೆಸಿದ ಡಬರಿಯಲ್ಲಿ ನಾವು ನಲವತ್ತು ವರ್ಷ ಬೇಳೆ ಬೇಯಿಸಿದ್ದು ಅಂಥ ದೊಡ್ಡ ತಪ್ಪೇನಲ್ಲ, ಅಲ್ವಾ?

"ಎಳ್ಳ ಅಮಾಸಿ ದಿನ ಹೊಲದಾಗ ಅದಲಬದಲ ಆಗಿರಬೇಕು," ಅಂದಳು ಅವ್ವ. ಹೌದು, ಅಲ್ಲಲ್ಲದೆ ಇನ್ನೆಲ್ಲಿ? ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ಒಬ್ಬರ ಬಜ್ಜಿ ಇನ್ನೊಬ್ಬರ ಸಜ್ಜೆ ರೊಟ್ಟಿಯ ಮೇಲೆ, ಒಬ್ಬರ ಅಂಬಲಿ ಇನ್ನೊಬ್ಬರ ತಂಬಿಗೆಯಲ್ಲಿ. ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ, ಹೊಟ್ಟೆ ಬಿರಿಯ ಉಂಡು, ಬೇವಿನ ನೆರಳಲ್ಲಿ ಒಂದು ನಿದ್ದೆ ತೆಗೆದು, ಸಂಜೆ ಗಾಡಿಗೆ ಪಾತ್ರೆ ತುಂಬುವಾಗ ಹೆಸರು ಓದುವವರು ಯಾರು?

"ನಂದೂ ಒಂದು ಹೋಗ್ಯಾದ," ಅಂತ ಅವ್ವ ಮುಂದುವರಿಸಿದಳು. "ನಂದು ಇದಕ್ಕಿಂತ ದಪ್ಪ ಇತ್ತು."

ಅಲ್ಲಿಗೆ ಆ ಡಬರಿ ಹಾಕಿಬಿಡುವ ಮಾತು ಮುಗಿಯಿತು. ವಾಪಸ್ ಕೊಡಬೇಕು, ನಮ್ಮದನ್ನು ಕೇಳಿ ತರಬೇಕು. ಆದರೆ ಕೊಡುವುದು ಯಾರಿಗೆ? ಶ ಅಂದರೆ ಶರಣಪ್ಪ ಇರಬಹುದು, ಶರಣಬಸಪ್ಪ ಇರಬಹುದು, ಶರಣಗೌಡ ಇರಬಹುದು. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಶರಣಪ್ಪಾ ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಇಬ್ಬರು ಡ್ರೈವರು ಬಸ್ಸೇ ನಿಲ್ಲಿಸುತ್ತಾರೆ. ಪಾ ಅಂದರೆ ಪಾಟೀಲ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಸೇಡಂ, ಆಳಂದ, ಜೇವರ್ಗಿ, ಎಲ್ಲ ಕಡೆ ಫೋನ್ ಹೋಯಿತು. ನಾಲ್ಕು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಗ್ಯಾಸ್ ಒಲೆ ಕೂಡಿಸಲು ಬಂದವನಿಗೂ ಹೆಂಡತಿ ಡಬರಿ ತೋರಿಸಿದಳು. ಕೊನೆಗೆ ಬ್ರಹ್ಮಪುರದ ಒಬ್ಬ ದೂರದ ಕಾಕಾ ನೆನಪಾದರು, ಶರಣಪ್ಪ ಅಂತ. ಪಾಟೀಲರೇ. ಹೊಲ ನಮ್ಮ ಹೊಲದ ಬದುವಿಗೇ ಹತ್ತಿಕೊಂಡಿತ್ತು. ಅನುಮಾನವೇ ಇಲ್ಲ.

"ಬರೀ ಡಬರಿ ಹೆಂಗ್ ಕೊಡ್ತೀರಿ?" ಅಂತ ಹೆಂಡತಿ. ಸರಿ, ಒಂದಿಡೀ ಮಧ್ಯಾಹ್ನ ಶೇಂಗಾ ಹೋಳಿಗೆ ಆಯಿತು. ಲೆಕ್ಕ ಮಾಡಿ ಇಪ್ಪತ್ತೈದು ಹಾಕಿದಳು. ನಲವತ್ತು ವರ್ಷದ ಬಡ್ಡಿ ಅಂತ ನಾನು ಅಂದದ್ದು ಅವಳಿಗೆ ನಗು ತರಿಸಲಿಲ್ಲ.

ಕಾಕಾ ಜಗುಲಿಯ ಮೇಲೆ ಕೂತಿದ್ದರು. ವಿಷಯ ಹೇಳಿದೆ. ಅವರು ಕನ್ನಡಕ ಹುಡುಕಲು ಎದ್ದರು. ಅಷ್ಟರಲ್ಲಿ ಕಾಕಿ ಡಬರಿ ಒಳಗೆ ಒಯ್ದು ಹೋಳಿಗೆ ತೆಗೆದಿಟ್ಟುಕೊಂಡು, ತೊಳೆದು ತಂದೂ ಬಿಟ್ಟರು. ಕನ್ನಡಕ ಸಿಕ್ಕಿತು. ಕಾಕಾ ಡಬರಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳಿನಿಂದ ಚುಕ್ಕಿಗಳನ್ನು ಸವರಿ, ಹೋಳಿಗೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಹೇಳಿದರು:

"ಇದು ನಂದಲ್ಲ ತಮ್ಮಾ. ನಂದು ಶಕ್ಕ ಗುಡಿಸು ಅದ."

ಶಿ. ಬ. ಪಾ. ಪೂರ್ತಿ ಹೆಸರು ಶಿವಶರಣಪ್ಪ. ಊರೆಲ್ಲ ಇವರನ್ನು ಕರೆಯುವಾಗ ಶಿವನನ್ನು ಬಿಟ್ಟು ಶರಣನನ್ನಷ್ಟೇ ಇಟ್ಟುಕೊಂಡಿದೆ. ಒಂದು ಗುಡಿಸಿಗೆ ಇಪ್ಪತ್ತೈದು ಹೋಳಿಗೆ ಹೋದವು.

ಅಷ್ಟಕ್ಕೇ ಮುಗಿಯಲಿಲ್ಲ. ಬರೀ ಡಬರಿ ಹೆಂಗ ಕಳಸೋದು ಅಂತ ಕಾಕಿ ಅದರ ತುಂಬ ತೊಗರಿಬೇಳೆ ಹಾಕಿದರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ, ಅಂದರೆ ಬೇಳೆಯ ಮೇಲೂ ಈಗ ಊರ ಹೆಸರು ಕೆತ್ತಿಸಿದಂತೆ ಆಯಿತು. ಬೇಳೆಯ ಜೊತೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ. "ಡಬ್ಬಿ ಯಾವಾಗರೆ ಕೊಡ್ರಿ, ಅವಸರ ಇಲ್ಲ," ಅಂದರು. ಗಾಡಿಯ ಹತ್ತಿರ ಬಂದು ನೋಡಿದೆ. ಶಿ. ಬ. ಪಾ. 1991.

ಒಂದು ಕೊಟ್ಟು ಬರಲು ಹೋಗಿ ಎರಡು ತಂದೆವು. ಹೊಸ ಕಪಾಟಿನಲ್ಲಿ ಎರಡಕ್ಕೂ ಜಾಗ ಇಲ್ಲ. ಒಡೆದ ಕಟ್ಟೆಯ ಶಹಾಬಾದ್ ಕಲ್ಲೊಂದು ಹಿತ್ತಲಲ್ಲಿ ಬಿದ್ದಿತ್ತು. ಅವ್ವ ಅದನ್ನು ಇಟ್ಟಿಗೆಯ ಮೇಲೆ ಇಡಿಸಿ, ಪರಾತ, ಹಂಚು, ಡಬರಿ, ಡಬ್ಬಿ ಎಲ್ಲ ಅಲ್ಲಿಗೆ ಸಾಗಿಸಿದ್ದಾಳೆ. ಬೆಳಗ್ಗೆ ಐದಕ್ಕೆ ಅಲ್ಲಿಂದ ಠಣ್ ಅಂತ ಸದ್ದು ಬರುತ್ತದೆ. ಎಂಟು ಸಾಫ್ಟ್ ಕ್ಲೋಸ್ ಡ್ರಾಯರು ಒಳಗೆ ತೆಪ್ಪಗೆ ಇರುತ್ತವೆ, ಅರ್ಧ ಖಾಲಿ.

ಆ ಮುಖ್ಯ ಮಾತಿಗೆ ಬರೋಣ ಅನ್ನುವಷ್ಟರಲ್ಲಿ ಆಳಂದದಿಂದ ಸೋದರಳಿಯನ ಫೋನ್ ಬಂತು. ಅವರ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಡಬರಿ ಇಲ್ಲದ ಮುಚ್ಚಳ ಒಂದು ಇದೆಯಂತೆ, ಹೆಸರು ಶ ದಿಂದಲೇ ಶುರುವಂತೆ. ಹೆಂಡತಿ ಆಗಲೇ ಶೇಂಗಾ ಹುರಿಯಲು ಇಟ್ಟಿದ್ದಾಳೆ. ಹಿತ್ತಲಿನಿಂದ ಅವ್ವ ಕೂಗಿ ಹೇಳುತ್ತಿದ್ದಾಳೆ:

"ಈ ಸಲ ಮೊದಲ ಹೆಸರು ಓದಸ್ರಿ, ಆಮ್ಯಾಲ ಹೋಳಿಗಿ ಕೊಡ್ರಿ!"